ನಲ್ಲಿ ಮುಚ್ಚಿದಾಗ ಢಬ್ ಅನ್ನುವ ಪೈಪ್‌ಗೆ ಏನು ಮಾಡಬಹುದು

ಗೋಡೆ ಒಡೆಸುವುದು ಸದ್ಯಕ್ಕೆ ಬೇಡ. ತೀರ್ಥಹಳ್ಳಿ ಕಡೆಯ ಮನೆ, ಗುಡ್ಡದ ಅಬ್ಬಿ (ಝರಿ) ನೀರು ನೇರ ನಲ್ಲಿಗೆ, ಅಡುಗೆಮನೆಗೆ ಕಾಲು ಸುತ್ತಿನ ಹೊಸ ನಲ್ಲಿ ಹಾಕಿಸಿದ ಮೇಲೆ ಮುಚ್ಚಿದಾಗಲೆಲ್ಲ ಢಬ್ ಅಂತ ಶಬ್ದ. ನೀವು ಬರೆದಿರುವುದು ಇಷ್ಟು, ಅಲ್ವಾ? ಹೊಸನಗರದ ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಹಳೆಯ ಹಿತ್ತಾಳೆ ನಲ್ಲಿಯನ್ನು ಮೂರ್ನಾಲ್ಕು ಸುತ್ತು ತಿರುಗಿಸಿ ಮುಚ್ಚುತ್ತಿದ್ದೆವು. ನೀರು ನಿಧಾನಕ್ಕೆ ನಿಲ್ಲುತ್ತಿತ್ತು. ಹೊಸದು ಥಟ್ಟನೆ ಮುಚ್ಚುತ್ತದೆ. ಗುಡ್ಡದಿಂದ ಓಡಿ ಬರುವ ನೀರು ಒಮ್ಮೆಲೇ ನಿಂತು ಪೈಪಿಗೆ ಗುದ್ದುತ್ತದೆ. ವಾಟರ್ ಹ್ಯಾಮರ್ ಅನ್ನುವುದು ಇದಕ್ಕೇ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಹೀಗೆ ನಿಂತರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಒಂದು ಕ್ಷಣ ಚದರ ಸೆಂಟಿಮೀಟರಿಗೆ ಸುಮಾರು 12ರಿಂದ 14 ಕೆಜಿ ಒತ್ತಡ ಏರುತ್ತದೆ. ಪಿವಿಸಿಯಲ್ಲಿ ಅಷ್ಟಿಲ್ಲ, ಆದರೂ ದಿನಾ ಗುದ್ದು ತಿಂದ ಜಾಯಿಂಟ್ ಒಂದು ದಿನ ಬಿಟ್ಟುಕೊಳ್ಳುತ್ತದೆ.

ಮೊದಲು ಮನೆಗೆ ಬರುವ ಲೈನಿನ ಗೇಟ್ ವಾಲ್ವನ್ನು ಮುಕ್ಕಾಲು ಪಾಲು ಮುಚ್ಚಿ ನೋಡಿ. ನೀರಿನ ಓಟ ತಗ್ಗಿ ಶಬ್ದವೂ ತಗ್ಗಿದರೆ ಕಾರಣ ಇದೇ.

ಆಮೇಲೆ ಒಬ್ಬರು ನಲ್ಲಿ ಮುಚ್ಚಲಿ, ಇನ್ನೊಬ್ಬರು ಅಟ್ಟ ಹತ್ತಿ ಪೈಪಿನ ಮೇಲೆ ಕೈಯಿಡಲಿ. ನಮ್ಮಲ್ಲಿ ಒಂದು ಕ್ಲ್ಯಾಂಪಿನ ಸ್ಕ್ರೂ ಕಿತ್ತು ಬಂದಿತ್ತು. ಪೈಪ್ ಬಡಿದೂ ಬಡಿದೂ ಜಂತಿಯಲ್ಲಿ ಹೆಬ್ಬೆರಳು ಕೂರುವಷ್ಟು ನುಣುಪಾದ ಗುಳಿ ಬಿದ್ದಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪೈಪಿಗೆ ಸುತ್ತಿ ಹೊಸ ಕ್ಲ್ಯಾಂಪ್ ಹೊಡೆದೆ. ಅರ್ಧ ಶಬ್ದ ಅಲ್ಲಿಗೇ ನಿಂತಿತು.

ಪೂರ್ತಿ ನಿಂತಿದ್ದು ಟ್ಯಾಂಕ್ ಇಟ್ಟ ಮೇಲೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ ಒತ್ತಡ. ಅಬ್ಬಿ 40 ಮೀಟರ್ ಮೇಲಿದ್ದರೆ 4 ಕೆಜಿ. ನಾವು ಹಿತ್ತಿಲ ದರೆಯ (ಮಣ್ಣಿನ ದಿಬ್ಬದ) ಮೇಲೆ 500 ಲೀಟರಿನ ಟ್ಯಾಂಕ್ ಇಟ್ಟು, ಅಬ್ಬಿ ನೀರು ಅದಕ್ಕೆ ಬೀಳುವಂತೆ ಮಾಡಿ, ಅಲ್ಲಿಂದ ಮನೆಗೆ ಲೈನ್ ಕೊಟ್ಟೆವು. ಈಗ ನಲ್ಲಿಗೆ ಬರುವುದು ಅಬ್ಬಿಯ ಎತ್ತರದ ಒತ್ತಡವಲ್ಲ, ಟ್ಯಾಂಕಿನ ಎತ್ತರದ್ದು ಮಾತ್ರ. ಟ್ಯಾಂಕ್ ತುಂಬಿದಾಗ ತಾನೇ ನೀರು ನಿಲ್ಲಿಸುವ ಫ್ಲೋಟ್ ಹಾಕಿಲ್ಲ. ತುಂಬಿ ಹೊರಬಿದ್ದ ನೀರು ಅಡಿಕೆ ತೋಟಕ್ಕೆ ಹೋಗುತ್ತದೆ.

ಗುಳುಗುಳು ಅಂತ ನೀರು ಉಗುಳಿದರೆ ಅದು ಗಾಳಿ. ಬೇಸಿಗೆಯಲ್ಲಿ ಅಬ್ಬಿ ಇಳಿದು ಪೈಪಿನ ಬಾಯಿ ಮೇಲೆದ್ದಿದೆಯಾ, ಜಾಲರಿಗೆ ತರಗೆಲೆ ಕಟ್ಟಿದೆಯಾ ನೋಡಿ. ಅರ್ಧ ತೆರೆದ ಹಳೆ ನಲ್ಲಿ ಗರ್ರ್ ಅಂದರೆ ವಾಷರ್ ಬದಲಿಸಿದರೆ ಸಾಕು. ಸೋಲಾರ್ ಬಿಸಿನೀರಿನ ಪೈಪ್ ಟಿಕ್ ಟಿಕ್ ಅನ್ನುವುದು ಬಿಸಿಗೆ ಹಿಗ್ಗಿ. ಆ ಲೈನಿನ ಕ್ಲ್ಯಾಂಪ್ ಮಾತ್ರ ಬಿಗಿಯಾಗಿ ಹಿಡಿಸಬೇಡಿ.

ವಾಲ್ವ್ ಮುಚ್ಚಿ ನೋಡಿದಾಗ ಏನಾಯ್ತು, ಅಬ್ಬಿ ಎಷ್ಟು ಎತ್ತರದಲ್ಲಿದೆ ಬರೆಯಿರಿ. ಟ್ಯಾಂಕ್ ಎಲ್ಲಿಟ್ಟರೆ ಸರಿ ಅಂತ ನೋಡೋಣ.