ಹಗರಣದ ಅಧ್ಯಯನ ಹರಟೆಯಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜಾನ್ ಬಿ. ಥಾಂಪ್ಸನ್ ಎಂಬ ಸಮಾಜಶಾಸ್ತ್ರಜ್ಞರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಮಂತ್ರಿಗಳ ಮನೆಯ ಗುಟ್ಟು ಕೆದಕೋದಕ್ಕೆ ಪ್ರೊಫೆಸರೇ ಬೇಕಾ? ಇದರಿಂದ ಭ್ರಷ್ಟಾಚಾರ ಕಡಿಮೆಯಾಗುತ್ತದೆಯೇ? – ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹಗರಣ ಅಂದ ಕೂಡಲೇ ಟಿವಿಯ ಕಿರುಚಾಟವೇ ನೆನಪಾಗುತ್ತದೆ. ಆದರೆ ಥಾಂಪ್ಸನ್ ಗುಟ್ಟು ಕೆದಕಿದವರಲ್ಲ. ಗುಟ್ಟು ಬಯಲಾದ ಮೇಲೆ ಏನಾಗುತ್ತದೆ, ಯಾಕೆ ಹಾಗಾಗುತ್ತದೆ ಅಂತ ಕೇಳಿದವರು.

ಕೇಂಬ್ರಿಡ್ಜ್‌ನಲ್ಲಿ ಅವರು ಶುರು ಮಾಡಿದ್ದು ತತ್ವಶಾಸ್ತ್ರದ ಪಕ್ಕದ ವಿಷಯಗಳಿಂದ. ಆಮೇಲೆ ಮಾಧ್ಯಮಗಳ ಕಡೆ ತಿರುಗಿದರು. ಪತ್ರಿಕೆ, ರೇಡಿಯೊ, ಟಿವಿ ಬಂದ ಮೇಲೆ ಆಳುವವರು ನಮ್ಮ ಕಣ್ಣಿಗೆ ಬೀಳುವ ರೀತಿಯೇ ಬದಲಾಯಿತು. ತಾವು ಹೇಗೆ ಕಾಣಬೇಕು ಅನ್ನೋದು ಪೂರ್ತಿ ಅವರ ಕೈಲಿ ಉಳಿಯಲಿಲ್ಲ. ಈ ಯೋಚನೆಯ ಬೆನ್ನು ಹತ್ತಿಯೇ 2000ದಲ್ಲಿ ‘ಪೊಲಿಟಿಕಲ್ ಸ್ಕ್ಯಾಂಡಲ್’ ಬರೆದರು.

ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಮಾತು. ಎಷ್ಟೋ ಸಲ ಕುರ್ಚಿ ಹೋಗುವುದು ಮೊದಲ ತಪ್ಪಿನಿಂದಲ್ಲ, ಅದನ್ನು ಮುಚ್ಚಿಹಾಕಲು ಹೋಗಿ ಮಾಡಿದ ಎರಡನೇ ತಪ್ಪಿನಿಂದ. ಬ್ರಿಟನ್ನಿನ ಯುದ್ಧ ಮಂತ್ರಿ ಜಾನ್ ಪ್ರೊಫ್ಯೂಮೊ ಅವರನ್ನೇ ನೋಡಿ. 1963ರ ಮಾರ್ಚ್ 22ರಂದು ಕ್ರಿಸ್ಟೀನ್ ಕೀಲರ್ ಎಂಬ ಯುವ ರೂಪದರ್ಶಿಯ ಜೊತೆ ತಮಗೆ ತಪ್ಪು ಸಂಬಂಧವೇನೂ ಇಲ್ಲ ಅಂತ ಸಂಸತ್ತಿನಲ್ಲಿ ನಿಂತು ಹೇಳಿದರು. ಜೂನ್ 5ಕ್ಕೆ ರಾಜೀನಾಮೆ ಕೊಟ್ಟರು. ಸಂಸತ್ತಿಗೆ ಸುಳ್ಳು ಹೇಳಿದ್ದೇ ಅವರಿಗೆ ಮುಳುವಾಯಿತು.

ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಕಥೆ ಇನ್ನೂ ಸ್ಪಷ್ಟ. ವಿರೋಧ ಪಕ್ಷದ ಕಚೇರಿಯಿದ್ದ ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿದ್ದು 1972ರ ಜೂನ್ 17ರಂದು. ಆರು ದಿನ ಕಳೆದು ಅಧ್ಯಕ್ಷರ ಕಚೇರಿಯಲ್ಲಿ ಒಂದು ಮಾತುಕತೆ ನಡೆಯಿತು. ದೇಶದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುತ್ತಿದ್ದ ತನಿಖೆ ನಿಲ್ಲಿಸಲು ಗುಪ್ತಚರ ಸಂಸ್ಥೆ ಸಿಐಎಯನ್ನು ಬಳಸಿಕೊಳ್ಳೋಣ ಅಂತ. ಅವರೇ ಇಡಿಸಿದ್ದ ಯಂತ್ರ ಅದನ್ನು ಟೇಪಿನಲ್ಲಿ ಹಿಡಿದಿಟ್ಟಿತ್ತು! ಕಳ್ಳರನ್ನು ಕಳಿಸಿದ್ದು ನಿಕ್ಸನ್ ಅಂತ ಆ ಟೇಪಿನಲ್ಲಿಲ್ಲ. ಮುಚ್ಚಿಹಾಕಲು ಒಪ್ಪಿದ್ದು ಮಾತ್ರ ಇದೆ. ಅಷ್ಟೇ ಸಾಕಾಯಿತು. 1974ರ ಆಗಸ್ಟ್ 5ರಂದು ಟೇಪು ಹೊರಬಂತು, 9ಕ್ಕೆ ಅವರು ಅಧಿಕಾರ ಬಿಟ್ಟರು.

ಅಧಿಕಾರ ನಿಂತಿರುವುದು ವೋಟಿನ ಮೇಲೆ ಮಾತ್ರ ಅಲ್ಲ, ಜನರ ನಂಬಿಕೆಯ ಮೇಲೂ. ಮೈಲಿಗಟ್ಟಲೆ ದೂರದಲ್ಲಿರುವವರನ್ನು ನಾವು ನಂಬುವುದು ಹೆಚ್ಚಾಗಿ ಅವರ ಹೆಸರಿನ ಮೇಲೆ, ಅಲ್ವಾ? ಆ ಹೆಸರಿಗೆ ಪೆಟ್ಟು ಬೀಳುವುದು ಹಗರಣದಲ್ಲಿ. ಇದನ್ನು ಕೂತು ಓದುವುದು ಹರಟೆ ಹೇಗಾದೀತು?

ಇನ್ನು ಭ್ರಷ್ಟಾಚಾರ. ಅದೂ ಹಗರಣವೂ ಒಂದೇ ಅಲ್ಲ ಅಂತ ಥಾಂಪ್ಸನ್ ಅವರೇ ಹೇಳುತ್ತಾರೆ. ಬಯಲಾಗದ ಲಂಚ ಹಗರಣವೇ ಆಗುವುದಿಲ್ಲ, ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ಇಲ್ಲಿ ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಗದ್ದಲ ಜಾಸ್ತಿಯಾದಷ್ಟೂ ಕಚೇರಿಯಲ್ಲಿ ದಿನಾ ನಡೆಯುವ ಮೋಸದ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಅದಕ್ಕೆ ನಮ್ಮಂಥ ಪತ್ರಿಕೆಗಳೂ ಹೊಣೆ. ಈ ಲೇಖನದ ಎರಡನೇ ಕಂತು ಮುಂದಿನ ಸಂಚಿಕೆಯಲ್ಲಿದೆ, ಅದು ಪೂರ್ತಿ ಸುದ್ದಿಮನೆಗಳ ಬಗ್ಗೆಯೇ. ಓದಿ, ಖಂಡಿತ ಮತ್ತೆ ಬರೆಯಿರಿ.