ಮನೆಯ ಮೂರೂ ಕಂಪ್ಯೂಟರಿಗೆ ಒಂದೇ ಲಾಗಿನ್: ಹೆಸರಿಗಿಂತ ಮೊದಲು ನಂಬರ್ ನೋಡಿ

ನೀವು ಕೇಳಿರುವುದು ಇದು ಅಲ್ವಾ: ಮನೆಯಲ್ಲಿ ನಾಲ್ಕು ಜನ, ಮೂರು ಕಂಪ್ಯೂಟರ್, ಮೂರರಲ್ಲೂ ಉಬುಂಟು ಲಿನಕ್ಸ್. ಯಾರು ಯಾವುದರ ಮುಂದೆ ಕೂತರೂ ತಮ್ಮ ಹೆಸರು, ತಮ್ಮ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು. ಅವರ ಫೈಲು ಅಲ್ಲೇ ಸಿಗಬೇಕು. ಇದಕ್ಕೆ ಎಲ್‌ಡ್ಯಾಪ್ ಸರ್ವರ್, ಅಂದರೆ ಎಲ್ಲರ ಅಕೌಂಟನ್ನೂ ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಯಂತ್ರ, ಹಾಕಲೇಬೇಕಾ?

ಬೇಡ. ಮೂರು ಯಂತ್ರಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ನಮ್ಮ ಮನೆಯಲ್ಲೂ ಇದೇ ಲೆಕ್ಕ. ಒಂದು ಹಳೆಯ ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್, ನಾಲ್ಕು ಜನ. ನಾನು ಎರಡೂ ದಾರಿ ನೋಡಿದ್ದೇನೆ. ಈಗ ಎಲ್ಲ ಯಂತ್ರದಲ್ಲೂ ಮಾಮೂಲಿ ಅಕೌಂಟುಗಳೇ ಇವೆ, ಫೈಲುಗಳು ಮಾತ್ರ ಒಂದೇ ಕಡೆ. ಆದರೆ ಶುರುವಿನಲ್ಲೇ ಒಂದು ವಿಷಯ ಸರಿ ಮಾಡಿಕೊಳ್ಳದಿದ್ದರೆ ಆಮೇಲೆ ತುಂಬಾ ಒದ್ದಾಡಬೇಕಾಗುತ್ತದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿನಕ್ಸ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದ ಅಲ್ಲ, ನಂಬರಿನಿಂದ. ಅದಕ್ಕೆ ಯೂಸರ್ ಐಡಿ ಅನ್ನುತ್ತಾರೆ. ಉಬುಂಟು ಹಾಕುವಾಗ ಮೊದಲು ಮಾಡಿದ ಅಕೌಂಟಿಗೆ 1000 ಸಿಗುತ್ತದೆ, ಮುಂದಿನದಕ್ಕೆ 1001, ಹೀಗೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ. ಅಲ್ಲಿ ಕೂತವರು ನಿಮ್ಮ ಮುಖ ನೋಡುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ಒಂದೇ ಸ್ಟ್ಯಾಂಡ್ ಇರುವ ತನಕ ತೊಂದರೆ ಇಲ್ಲ. ಮೂರು ಸ್ಟ್ಯಾಂಡಿನವರು ತಮ್ಮ ತಮ್ಮ ಲೆಕ್ಕದಲ್ಲಿ ಟೋಕನ್ ಹಂಚಿ, ಚಪ್ಪಲಿ ಮಾತ್ರ ಒಂದೇ ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆ?

ನಮ್ಮಲ್ಲಿ ಆಗಿದ್ದು ಅದೇ. ಡೆಸ್ಕ್‌ಟಾಪಿನಲ್ಲಿ ಮೊದಲು ಅಕೌಂಟ್ ಮಾಡಿದ್ದು ನನ್ನ ಹೆಂಡತಿಗೆ. ಅವಳು 1000, ಮಗ 1001, ಮಗಳು 1002. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಮಗಳ ಅಕೌಂಟ್ ಮೊದಲು, ಅಲ್ಲಿ ಅವಳೇ 1000. ಡೆಸ್ಕ್‌ಟಾಪಿನ ಒಂದು ಡಿಸ್ಕನ್ನು ಎನ್‌ಎಫ್‌ಎಸ್ (ಒಂದು ಯಂತ್ರದ ಡಿಸ್ಕನ್ನು ಬೇರೆ ಯಂತ್ರಗಳಲ್ಲೂ ಕಾಣುವ ಹಾಗೆ ಮಾಡುವ ಏರ್ಪಾಡು) ಮೂಲಕ ಎಲ್ಲರಿಗೂ ಹಂಚಿದೆ. ಮಗಳು ಲ್ಯಾಪ್‌ಟಾಪಿನಿಂದ ವಿಜ್ಞಾನದ ಪ್ರಾಜೆಕ್ಟ್ ಬರೆದು, ಎಲ್ಲರಿಗೂ ತೆರೆದಿದ್ದ ಫೋಲ್ಡರಿನಲ್ಲಿ ಉಳಿಸಿದಳು. ಮರುದಿನ ಡೆಸ್ಕ್‌ಟಾಪಿನಲ್ಲಿ ಅದೇ ಫೈಲ್ ತೆಗೆದರೆ ಓದಲು ಮಾತ್ರ ಬಿಡುತ್ತದೆ, ತಿದ್ದಲು ಬಿಡುವುದಿಲ್ಲ. ಒಡೆಯರ ಹೆಸರು ನೋಡಿದರೆ ಅವಳ ಅಮ್ಮನದು! "ಅಪ್ಪಾ, ನಾನೇ ಬರೆದದ್ದು, ನನಗೇ ಬಿಡ್ತಿಲ್ಲ" ಅಂತ ಬಂದು ನಿಂತಳು. ಎಲ್‌ಎಸ್ ಕಮಾಂಡಿಗೆ ಎಲ್ ಮತ್ತು ಎನ್ ಎರಡೂ ಸೇರಿಸಿ ಕೊಟ್ಟೆ. ಹಾಗೆ ಕೊಟ್ಟರೆ ಅದು ಹೆಸರಿನ ಬದಲು ನಂಬರ್ ತೋರಿಸುತ್ತದೆ. ಫೈಲಿನ ಮುಂದೆ 1000 ಅಂತ ಇತ್ತು. ಆಗ ಗೊತ್ತಾಯಿತು.

ಫೈಲ್ ತಿದ್ದಲು ಆಗದಿದ್ದದ್ದು ಸಣ್ಣ ವಿಷಯ. ನನಗೆ ನಿಜವಾಗಿ ಗಾಬರಿಯಾದದ್ದು ಬೇರೆ. ಹೆಂಡತಿ ಬ್ಯಾಂಕಿನ ಕಾಗದಪತ್ರ ಇಟ್ಟ ಫೋಲ್ಡರಿಗೆ ಬೇರೆ ಯಾರೂ ಹೋಗದ ಹಾಗೆ ಅನುಮತಿ ಬಿಗಿ ಮಾಡಿದ್ದಳು. ಮಗಳ ಲ್ಯಾಪ್‌ಟಾಪಿನಲ್ಲಿ ಅದು ಒಂದೇ ಕ್ಲಿಕ್ಕಿಗೆ ತೆರೆದುಕೊಂಡಿತು. ಬೀಗ ಸರಿಯಾಗಿಯೇ ಇತ್ತು. ಆದರೆ ಎನ್‌ಎಫ್‌ಎಸ್ ಮಾಮೂಲಿ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪ್ ಹೇಳಿದ ನಂಬರನ್ನೇ ನಂಬುತ್ತದೆ. ಲ್ಯಾಪ್‌ಟಾಪ್ "ನಾನು 1000" ಅಂದಿತು, ಡಿಸ್ಕ್ ಬಾಗಿಲು ತೆಗೆಯಿತು.

ಹಾಗಾಗಿ ಮೊದಲು ಮೂರೂ ಯಂತ್ರದಲ್ಲಿ ಟರ್ಮಿನಲ್ ತೆಗೆದು, ಒಬ್ಬೊಬ್ಬರ ಹೆಸರಿಗೂ 'ಐಡಿ' ಕಮಾಂಡ್ ಕೊಟ್ಟು ನಂಬರ್ ಬರೆದುಕೊಳ್ಳಿ. ಒಂದು ಹಾಳೆಯ ಮೇಲೆ, ಪೆನ್ನಿನಲ್ಲಿ. ಆಮೇಲೆ ಹೊಸ ನಂಬರ್ ಹಂಚಿ. ಇರುವುದನ್ನೇ ಅದಲು ಬದಲು ಮಾಡಲು ಹೋಗಬೇಡಿ, ನಡುವೆ ಇಬ್ಬರಿಗೆ ಒಂದೇ ನಂಬರ್ ಬಂದು ಸಿಕ್ಕಿಬೀಳುತ್ತೀರಿ. ನಾನು 2001ರಿಂದ ಶುರು ಮಾಡಿದೆ. ಹೆಂಡತಿ 2001, ನಾನು 2002, ಮಗ 2003, ಮಗಳು 2004. ಎಲ್ಲ ಯಂತ್ರದಲ್ಲೂ ಇದೇ. ಉಬುಂಟು ಒಬ್ಬೊಬ್ಬರ ಹೆಸರಿನಲ್ಲೂ ಒಂದು ಗ್ರೂಪ್ ಮಾಡಿರುತ್ತದೆ, ಆ ಗ್ರೂಪ್ ನಂಬರೂ ಇದೇ ಇರಲಿ.

ಬದಲಿಸಲು 'ಯೂಸರ್‌ಮಾಡ್' ಕಮಾಂಡ್ ಇದೆ, ಗ್ರೂಪಿಗೆ 'ಗ್ರೂಪ್‌ಮಾಡ್'. ಯಾರ ನಂಬರ್ ಬದಲಿಸುತ್ತೀರೋ ಅವರು ಆಗ ಲಾಗಿನ್ ಆಗಿರಬಾರದು. ಆದ್ದರಿಂದ ಮೊದಲು ಪ್ರತಿ ಯಂತ್ರದಲ್ಲೂ ಒಂದು ಬೇರೆ ಅಡ್ಮಿನ್ ಅಕೌಂಟ್ ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿ, ಅದರಿಂದ ಒಳಗೆ ಹೋಗಿ ಕೆಲಸ ಮಾಡಿ. ಆ ಅಕೌಂಟನ್ನು ಮುಂದೆಯೂ ಅಳಿಸಬೇಡಿ. ಯೂಸರ್‌ಮಾಡ್ ಆ ವ್ಯಕ್ತಿಯ ಹೋಮ್ ಫೋಲ್ಡರಿನೊಳಗಿನ ಫೈಲುಗಳ ಒಡೆತನವನ್ನು ತಾನೇ ಸರಿ ಮಾಡುತ್ತದೆ. ಹೊರಗೆ ಇರುವುದನ್ನು ಮಾಡುವುದಿಲ್ಲ. ಬೇರೆ ಡಿಸ್ಕಿನಲ್ಲಿ ಇಟ್ಟ ಫೋಟೋ, ಹಾಡು, ಇವನ್ನೆಲ್ಲ 'ಫೈಂಡ್' ಕಮಾಂಡಿನಿಂದ ಹಳೆಯ ನಂಬರ್ ಹಿಡಿದು ಹುಡುಕಿ, 'ಚೌನ್' ಕೊಟ್ಟು ಒಡೆತನವನ್ನು ನೀವೇ ಬದಲಿಸಬೇಕು. ಗ್ರೂಪಿನ ನಂಬರಿಗೂ ಹೀಗೇ ಒಮ್ಮೆ ಹುಡುಕಿ ನೋಡಿ. ನಿಮ್ಮ ಹಂಚಿದ ಡಿಸ್ಕಿನಲ್ಲಿ ಈಗಾಗಲೇ ಫೈಲುಗಳಿದ್ದರೆ ಹುಷಾರು. ನಮ್ಮ ಡಿಸ್ಕಿನಲ್ಲಿ 1000 ಅಂತ ಇದ್ದದ್ದು ಅಮ್ಮನದೋ ಮಗಳದೋ ಯಂತ್ರಕ್ಕೆ ಗೊತ್ತಿಲ್ಲ. ಒಂದು ಭಾನುವಾರ ಇಡೀ ದಿನ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಫೈಲ್ ತೆಗೆದು "ಇದು ಯಾರದು?" ಅಂತ ಕೇಳಿ ಬೇರೆ ಮಾಡಬೇಕಾಯಿತು. ಫೈಲ್ ತುಂಬುವ ಮೊದಲೇ ನಂಬರ್ ಸರಿ ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಈಗ ಫೈಲಿನ ಮಾತು. ಎಲ್ಲರ ಹೋಮ್ ಫೋಲ್ಡರನ್ನೇ ಪೂರ್ತಿ ಎನ್‌ಎಫ್‌ಎಸ್ ಮೇಲೆ ಇಡಬೇಕು ಅನಿಸಬಹುದು. ಮನೆಗೆ ಅದು ಬೇಡ. ಹೋಮ್ ಫೋಲ್ಡರಿನಲ್ಲಿ ನಿಮ್ಮ ಕಾಗದಪತ್ರ ಮಾತ್ರ ಅಲ್ಲ, ಕಣ್ಣಿಗೆ ಕಾಣದ ಸೆಟ್ಟಿಂಗುಗಳೂ ಇರುತ್ತವೆ. ಫೈರ್‌ಫಾಕ್ಸನ್ನು ಒಂದು ಯಂತ್ರದಲ್ಲಿ ತೆರೆದಿಟ್ಟು ಇನ್ನೊಂದರಲ್ಲಿ ತೆರೆಯಲು ಹೋದರೆ, ಆಗಲೇ ಓಡುತ್ತಿದೆ ಅಂತ ನಿಲ್ಲಿಸುತ್ತದೆ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ, ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು (ಅದರ ಸೆಟ್ಟಿಂಗುಗಳಿರುವ ಫೋಲ್ಡರನ್ನು) ಹಳೆಯ ಫೈರ್‌ಫಾಕ್ಸ್ ಮುಟ್ಟಲು ಒಪ್ಪುವುದಿಲ್ಲ. ಅದಕ್ಕಿಂತ ಜಾಸ್ತಿ ಕಷ್ಟ ಕರೆಂಟಿನದು. ಸರ್ವರ್ ಯಂತ್ರ ಆಫ್ ಆದರೆ ಉಳಿದ ಲ್ಯಾಪ್‌ಟಾಪುಗಳ ಪರದೆ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೇ ನಮ್ಮಲ್ಲಿ ಪ್ರತಿಯೊಬ್ಬರ ಹೋಮ್ ಒಳಗೆ 'ನನ್ನದು' ಅಂತ ಒಂದು ಫೋಲ್ಡರ್ ಇದೆ. ಅದು ಮಾತ್ರ ಡೆಸ್ಕ್‌ಟಾಪಿನಿಂದ ಬರುತ್ತದೆ. ಮೌಂಟ್ ಸಾಲಿನಲ್ಲಿ, ಅಂದರೆ ಆ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಜೋಡಿಸಲು /etc/fstab ಫೈಲಿನಲ್ಲಿ ಬರೆಯುವ ಸಾಲಿನಲ್ಲಿ, 'ನೋಫೇಲ್' ಅನ್ನುವ ಆಯ್ಕೆ ಸೇರಿಸಿ. ಆಗ ಸರ್ವರ್ ಸಿಗದಿದ್ದರೂ ಲ್ಯಾಪ್‌ಟಾಪ್ ಸುಮ್ನೆ ಕಾಯುತ್ತಾ ಕೂರದೆ ಬೂಟ್ ಆಗುತ್ತದೆ.

ಇನ್ನೊಂದು ಮುಖ್ಯ ಮಾತು. ನಂಬರ್ ನಂಬುವ ಪದ್ಧತಿ ಆದ್ದರಿಂದ, ನಿಮ್ಮ ವೈಫೈಗೆ ಬಂದ ಯಾರೇ ಆಗಲಿ ತಮ್ಮ ಲ್ಯಾಪ್‌ಟಾಪಿನಲ್ಲಿ 2001 ಅಂತ ಅಕೌಂಟ್ ಮಾಡಿಕೊಂಡರೆ ಒಳಗೆ ಬರಬಹುದು. ಡಿಸ್ಕ್ ಹಂಚುವಾಗ ಇಡೀ ನೆಟ್‌ವರ್ಕಿಗೆ ಬಿಡಬೇಡಿ. ರೂಟರಿನಲ್ಲಿ ಪ್ರತಿ ಲ್ಯಾಪ್‌ಟಾಪಿಗೂ ಖಾಯಂ ವಿಳಾಸ ಕೊಟ್ಟು, 192.168.1.20, 192.168.1.21 ಹೀಗೆ, ಹಂಚಿಕೆಯ ಸೆಟ್ಟಿಂಗಿನಲ್ಲಿ ಆ ವಿಳಾಸಗಳನ್ನು ಮಾತ್ರ ಬರೆಯಿರಿ. ನೆಂಟರಿಗೆ ರೂಟರಿನ ಗೆಸ್ಟ್ ವೈಫೈ ಕೊಡಿ.

ಪಾಸ್‌ವರ್ಡ್ ಒಂದು ಕಡೆ ಬದಲಿಸಿದರೆ ಉಳಿದ ಕಡೆ ಬದಲಾಗುವುದಿಲ್ಲ ಅಲ್ವಾ ಅಂತ ನೀವು ಕೇಳಬಹುದು. ಹೌದು, ಬದಲಾಗುವುದಿಲ್ಲ. ಮೂರು ಕಡೆ ಹೋಗಿ ಬದಲಿಸಬೇಕು. ಈ ದಾರಿಯಲ್ಲಿ ಕೊಡಬೇಕಾದ ಬೆಲೆ ಅಂದರೆ ಇದೊಂದೇ. ನಮಗೆ ಅದು ಭಾರ ಅನಿಸಿಲ್ಲ.

ಯಂತ್ರಗಳು ಏಳೆಂಟು ಆದರೆ ಮಾತು ಬೇರೆ. ಆಗ ಎಲ್ಲರ ಅಕೌಂಟನ್ನೂ ಒಂದೇ ಸರ್ವರಿನಲ್ಲಿ ಇಡುವ ಫ್ರೀಐಪಿಎ ಅಥವಾ ಸಾಂಬಾ ನೋಡಿ. ಫ್ರೀಐಪಿಎ ಒಳಗೆ ಎಲ್‌ಡ್ಯಾಪ್, ಕರ್ಬರಾಸ್ (ಲಾಗಿನ್ ಆದವರು ಯಾರು ಅಂತ ಖಚಿತ ಮಾಡುವ ಪದ್ಧತಿ) ಎರಡೂ ಒಟ್ಟಿಗೆ ಬರುತ್ತವೆ. ಸಾಂಬಾ 2012ರ 4.0 ಆವೃತ್ತಿಯಿಂದ ವಿಂಡೋಸಿನ ಡೊಮೇನ್ ಸರ್ವರಿನ (ಹಲವು ವಿಂಡೋಸ್ ಯಂತ್ರಗಳ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಸರ್ವರ್) ಕೆಲಸವನ್ನೂ ಮಾಡುತ್ತದೆ. ಆದರೆ ವಿಂಡೋಸಿನ ಹೋಮ್ ಆವೃತ್ತಿ ಡೊಮೇನಿಗೆ ಸೇರುವುದಿಲ್ಲ, ಪ್ರೊ ಬೇಕು. ಹಳೆಯ ಬರಹಗಳಲ್ಲಿ ಎನ್‌ಐಎಸ್ ಅಂತ ಲಾಗಿನ್ ಹಂಚುವ ಹಳೆಯ ಪದ್ಧತಿ ಕಾಣುತ್ತದೆ, ಅದಕ್ಕೆ ಕೈ ಹಾಕಬೇಡಿ. ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ ಗುಟ್ಟಿನ ರೂಪ) ಅದರಲ್ಲಿ ನೆಟ್‌ವರ್ಕಿನ ಮೇಲೆ ಮುಚ್ಚುಮರೆ ಇಲ್ಲದೆ ಓಡಾಡುತ್ತದೆ. ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸಿನ 9ನೇ ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದೆ.

ಸರ್ವರ್ ದಾರಿ ಹಿಡಿದರೆ, ಲ್ಯಾಪ್‌ಟಾಪಿನಲ್ಲಿದ್ದು ಲಾಗಿನ್ ಬಗ್ಗೆ ಸರ್ವರನ್ನು ವಿಚಾರಿಸುವ ಎಸ್‌ಎಸ್‌ಎಸ್‌ಡಿಯಲ್ಲಿ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ನಾನು ಮೊದಲ ಸಲ ಸರ್ವರ್ ಹಾಕಿದಾಗ ಅದನ್ನು ನೋಡಿರಲಿಲ್ಲ. ಮೇ ತಿಂಗಳ ಒಂದು ಸಂಜೆ, ಗುಡುಗು ಮಳೆ, ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿತ್ತು, ಮಗನ ಕಾಲೇಜಿನ ಅರ್ಜಿಗೆ ಅವತ್ತೇ ಕೊನೆಯ ದಿನ. ಡೆಸ್ಕ್‌ಟಾಪ್ ಆಫ್ ಆಗಿದ್ದರಿಂದ ಲ್ಯಾಪ್‌ಟಾಪ್ ಅವನ ಪಾಸ್‌ವರ್ಡನ್ನೇ ಒಪ್ಪಲಿಲ್ಲ. ನಾನು ಇಟ್ಟುಕೊಂಡಿದ್ದ ಆ ಬೇರೆ ಅಡ್ಮಿನ್ ಅಕೌಂಟಿನಿಂದ ಒಳಗೆ ಹೋಗಿ, ಫೋನಿನ ಹಾಟ್‌ಸ್ಪಾಟ್ ಹಾಕಿ ಅರ್ಜಿ ಕಳಿಸಿದೆವು. ಪ್ರತಿ ಯಂತ್ರದಲ್ಲೂ ಒಬ್ಬೊಬ್ಬರೂ ಒಮ್ಮೆ ಸರ್ವರ್ ಆನ್ ಇದ್ದಾಗ ಲಾಗಿನ್ ಆಗಿರಬೇಕು ಅನ್ನುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ನೆನಪಿಟ್ಟುಕೊಳ್ಳಲು ಅದರ ಬಳಿ ಏನೂ ಇರುವುದಿಲ್ಲ.

ಮೂರೂ ಯಂತ್ರದ ಐಡಿ ನಂಬರುಗಳನ್ನು ಇಲ್ಲಿ ಕೆಳಗೆ ಹಾಕಿ. ಹೆಸರು ಬೇಡ, 'ಅಮ್ಮ, ಅಪ್ಪ' ಅಂತ ಬರೆದರೆ ಸಾಕು. ಯಾವುದನ್ನು ಮೊದಲು ಬದಲಿಸಬೇಕು, ಯಾವ ಕ್ರಮದಲ್ಲಿ ಅಂತ ನೋಡಿ ಹೇಳುತ್ತೇನೆ.