ಎಲ್‌ಎಲ್‌ಬಿಗೆ ಮೊದಲಿನ ಒಂದು ವರ್ಷ ಯಾವ ಕೆಲಸ ಹಿಡಿಯಬೇಕು?

ಚಿತ್ತಾಪುರ ತಾಲ್ಲೂಕಿನವರಾದ ನೀವು ಬಿ.ಎ. ಮುಗಿಸಿದ್ದೀರಿ. ಮುಂದಿನ ವರ್ಷ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುವವರೆಗೆ ಕಲಬುರಗಿಯಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಗೆ ಸಂಬಳವಿಲ್ಲದೆ ಹೋಗಲೋ, ಸಾಲ ವಸೂಲಿ ಮಾಡುವ ಖಾಸಗಿ ಕಂಪನಿಯ ಸಂಬಳದ ಕೆಲಸ ಹಿಡಿಯಲೋ ಎಂದು ಕೇಳಿದ್ದೀರಿ. ಮನೆಗೆ ತಿಂಗಳಿಗೆ ಒಂದಿಷ್ಟು ಹಣ ಕಳಿಸಲೇಬೇಕು ಎಂದೂ ತಿಳಿಸಿದ್ದೀರಿ. ನನ್ನ ಸಲಹೆ ಈ ಎರಡರಲ್ಲಿ ಯಾವುದೂ ಅಲ್ಲ. ತಹಶೀಲ್ದಾರ್ ಕಚೇರಿಯ ಅಥವಾ ಉಪನೋಂದಣಿ ಕಚೇರಿಯ ಎದುರು ಕೂರುವ, ಪರವಾನಗಿ ಪಡೆದ, ಊರವರು ನಂಬುವ ಒಬ್ಬ ಪತ್ರ ಬರಹಗಾರರನ್ನು ಹುಡುಕಿ ಅವರ ಮೇಜಿನ ಬಳಿ ಒಂದು ವರ್ಷ ಕುಳಿತುಕೊಳ್ಳಿ. ಜನರ ತಕರಾರು ಮೊಟ್ಟಮೊದಲು ಕಾಗದಕ್ಕೆ ಇಳಿಯುವುದು ನ್ಯಾಯಾಲಯದಲ್ಲಲ್ಲ, ಆ ಮೇಜಿನ ಮೇಲೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. 2011ರಲ್ಲಿ ತಂದೆಯ ಕಾಯಿಲೆಯಿಂದಾಗಿ ನನ್ನ ಓದು ಒಂದು ವರ್ಷ ನಿಂತಿತು. ಆಗ ಹುಮನಾಬಾದಿನಲ್ಲಿ ಅರ್ಜಿ ಬರೆಯುವ ಹಿರಿಯರೊಬ್ಬರ ಬಳಿ ಸೇರಿಕೊಂಡೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ವಂಶವೃಕ್ಷದ ಅಫಿಡವಿಟ್, ಜಮೀನಿನ ಪಾಲನ್ನು ಅಳೆದು ಬೇರ್ಪಡಿಸಲು ಕೊಡುವ ಪೋಡಿ ಅರ್ಜಿ, ಕ್ರಯಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರ, ವಿಭಾಗ ಪತ್ರ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಮೊದಲ ಎರಡು ತಿಂಗಳು ನನಗೆ ಸಿಕ್ಕಿದ್ದು ಚೆಕ್ಕುಬಂದಿ ಬರೆಯುವ ಕೆಲಸ ಮಾತ್ರ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಎಷ್ಟು ಎಕರೆ, ಎಷ್ಟು ಗುಂಟೆ. ಅದು ಬೇಸರದ ಕೆಲಸವೆಂದು ಆಗ ಅನಿಸಿತ್ತು. ಈಗ ವಕೀಲನಾಗಿ ಜಮೀನಿನ ದಾವೆಯ ಕಡತ ತೆರೆದಾಗ ಮೊದಲು ನೋಡುವುದು ಚೆಕ್ಕುಬಂದಿಯನ್ನೇ, ಏಕೆಂದರೆ ಸರ್ವೆ ನಂಬರ್ ಸರಿಯಿದ್ದು ಚೆಕ್ಕುಬಂದಿ ತಪ್ಪಿದ ಒಂದು ಕ್ರಯಪತ್ರವು ಎರಡು ತಲೆಮಾರುಗಳನ್ನು ಕೋರ್ಟಿಗೆ ಅಲೆಸಬಲ್ಲದು.

ಆ ವರ್ಷದ ಒಂದು ದಿನ ನನಗೆ ಇಂದಿಗೂ ಮರೆತಿಲ್ಲ. ವಯಸ್ಸಾದ ತಾಯಿಯೊಬ್ಬರು ದೊಡ್ಡ ಮಗನೊಂದಿಗೆ ಬಂದಿದ್ದರು. ಗಂಡ ತೀರಿಕೊಂಡಿದ್ದರಿಂದ ಪಹಣಿಯಲ್ಲಿ ವಾರಸುದಾರರ ಹೆಸರು ಸೇರಿಸಬೇಕಿತ್ತು. ನಮ್ಮ ಕಡೆ ಇದನ್ನು ವಾರಸಾ ಎನ್ನುತ್ತಾರೆ, ಕಚೇರಿಯ ಭಾಷೆಯಲ್ಲಿ ಪೌತಿ ಖಾತೆ. ಮಗ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ: ತಾಯಿ, ಮೂವರು ಗಂಡುಮಕ್ಕಳು. ಹಿರಿಯರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಓದಿ, ಮಗನ ಕಡೆ ನೋಡದೆ ಆ ತಾಯಿಯನ್ನೇ ಕೇಳಿದರು: ‘ಯವ್ವಾ, ಹೆಣ್ಮಕ್ಕಳು ಎಷ್ಟು ಮಂದಿ ಅದಾರ?’ ಆಕೆ ತಲೆ ತಗ್ಗಿಸಿ, ‘ಇಬ್ಬರು ಅದಾರ್ರಿ, ಲಗ್ನ ಆಗ್ಯಾವು’ ಎಂದರು. ಲಗ್ನವಾದರೆ ಹೆಸರು ಹೋಗುವುದಿಲ್ಲ ಎಂದು ಹೇಳಿ ಹಿರಿಯರು ಹೊಸ ಹಾಳೆ ಕೊಟ್ಟರು. ನಾನು ಎರಡನೆಯ ಸಲ ಬರೆದೆ. ಮಗ ಸಿಟ್ಟಿನಿಂದ ಎದ್ದು ಹೋದ, ತಾಯಿ ಕುಳಿತೇ ಇದ್ದರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೃತ್ಯುಪತ್ರ ಬರೆಯದೆ ತೀರಿಕೊಂಡ ಗಂಡಸಿನ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ವರ್ಗದ ವಾರಸುದಾರರೆಂಬುದನ್ನು, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುದಾರಳಾದಳೆಂಬುದನ್ನು ನಾನು ಮುಂದೆ ತರಗತಿಯಲ್ಲಿ ಓದಿದೆ. ಆ ಪಾಠ ಬಂದ ದಿನ ಬೇರೆಯವರು ಕಲಮಿನ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತಿದ್ದರೆ, ನನ್ನ ಕಣ್ಣ ಮುಂದೆ ನಾನೇ ಬಿಟ್ಟುಬಿಟ್ಟಿದ್ದ ಎರಡು ಹೆಸರುಗಳಿದ್ದವು. ತಪ್ಪು ನನ್ನದೇ ಆಗಿತ್ತು. ಹೇಳುವವನು ಹೇಳಿದ್ದನ್ನಷ್ಟೇ ಬರೆಯುವುದು ಬರಹಗಾರನ ಕೆಲಸವೆಂದು ನಾನು ತಿಳಿದಿದ್ದೆ. ಕಕ್ಷಿದಾರ ಹೇಳದೆ ಬಿಟ್ಟಿದ್ದು ಏನು ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಆ ಹಾಳೆಯಿಂದ.

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಇನ್ನೊಂದು ಬೆಲೆಯಿದೆ, ಅದು ಉರ್ದು. ಕಲಬುರಗಿ, ಬೀದರ, ಯಾದಗಿರಿ ಪ್ರದೇಶಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಹಳೆಯ ಜಮೀನಿನ ದಾಖಲೆಗಳು ಉರ್ದುವಿನಲ್ಲಿವೆ, ಅದರಲ್ಲೂ ಹಲವು ಶಿಕಸ್ತಾ ಎಂಬ ಕೂಡುಬರಹದಲ್ಲಿವೆ. ಅಚ್ಚಿನ ಉರ್ದು ಓದಬಲ್ಲವರೂ ಅದರ ಮುಂದೆ ತಡವರಿಸುತ್ತಾರೆ. ತಾರೀಖುಗಳು ಆಗಿನ ಕಂದಾಯ ಲೆಕ್ಕದ ಫಸಲಿ ವರ್ಷದಲ್ಲಿರುತ್ತವೆ. ಫಸಲಿಗೆ 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ, ಆದರೆ ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಹೊತ್ತಿಗೆ ಆಜುರ್ ತಿಂಗಳಿನಿಂದ ಆರಂಭವಾಗುತ್ತಿದ್ದುದರಿಂದ ಫಸಲಿ 1355 ಎಂದರೆ 1945-46 ಎಂದು ಓದಬೇಕು. ತಂದೆಯ ಹೆಸರಿಗೆ ಮೊದಲು ಬರುವ ‘ವಲದ್’, ಊರಿನ ಹೆಸರಿಗೆ ಮೊದಲು ಬರುವ ‘ಮೌಜೆ’, ಜಮೀನು ಯಾರದು, ಯಾವ ಬಗೆಯ ಹಕ್ಕಿನದು ಎಂದು ತಿಳಿಸುವ ‘ಪಟ್ಟೇದಾರ’, ‘ಇನಾಂ’, ‘ಮಕ್ತಾ’ ಇವುಗಳನ್ನು ಗುರುತಿಸುವಷ್ಟು ಉರ್ದು ಕಲಿಯಲು ದಿನಕ್ಕೆ ಒಂದು ಗಂಟೆಯಂತೆ ಕೆಲವು ತಿಂಗಳು ಸಾಕಾಗುತ್ತದೆ. ನಾನು ಕಲಿತದ್ದು ನಿವೃತ್ತ ಶಿಕ್ಷಕರೊಬ್ಬರಿಂದ, ಸಂಜೆ ನಮಾಜಿನ ನಂತರ ಅವರ ಮನೆಯ ಕಟ್ಟೆಯ ಮೇಲೆ. ಆ ಲಿಪಿ ಓದಬಲ್ಲ ಹಿರಿಯರು ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮುಂದಿನ ಇಪ್ಪತ್ತು ವರ್ಷ ಈ ಮೂರು ಜಿಲ್ಲೆಗಳ ಭೂಮಿಯ ದಾವೆಗಳಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವ ಕಾರಣವೊಂದನ್ನು ಈ ಒಂದೇ ವರ್ಷದಲ್ಲಿ ಸಂಪಾದಿಸಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕಾಗದವೇನಾದರೂ ಇದ್ದರೆ ಅದರಿಂದಲೇ ಆರಂಭಿಸಿ.

ಹಿರಿಯ ವಕೀಲರ ಕಚೇರಿಯನ್ನು ನಾನು ಕಡೆಗಣಿಸುತ್ತಿಲ್ಲ. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಇಲ್ಲಿಗೆ ಬಂದು, 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾದ ಮೇಲೆ ಒಳ್ಳೆಯ ಕಚೇರಿಗಳು ಕಲಬುರಗಿಯಲ್ಲೇ ಇವೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಆದರೆ ಕಾನೂನು ಓದದ ಹುಡುಗನಿಗೆ ಅಲ್ಲಿ ಸಿಗುವುದು ಕಡತ ಹೊರುವುದು, ನಕಲು ಅರ್ಜಿ ಹಾಕಿ ಕಾಯುವುದು, ಮುಂದಿನ ತಾರೀಖು ಬರೆದುಕೊಳ್ಳುವುದು. ಅದೇ ಕಚೇರಿಗೆ ಎಲ್‌ಎಲ್‌ಬಿಯ ಎರಡನೆಯ ವರ್ಷದಲ್ಲಿ ಹೋದರೆ ವಾದಪತ್ರ ಓದಿದಾಗ ಅರ್ಥವಾಗುತ್ತದೆ, ಕೇಳಬೇಕಾದ ಪ್ರಶ್ನೆ ಹೊಳೆಯುತ್ತದೆ. ಅದನ್ನು ಆಗಿನ ರಜೆಗಳಿಗೆ ಇಟ್ಟುಕೊಳ್ಳಿ.

ಇನ್ನು ಹಣದ ಮಾತು. ಬರಹಗಾರರ ಬಳಿ ತಿಂಗಳ ಸಂಬಳ ಇರುವುದಿಲ್ಲ, ಕಾಗದಕ್ಕೆ ಇಷ್ಟು ಎಂಬ ಲೆಕ್ಕವಿರುತ್ತದೆ. ಶಾಲಾ-ಕಾಲೇಜು ಪ್ರವೇಶದ ದಿನಗಳಲ್ಲಿ ಕೈತುಂಬ ಕೆಲಸ, ಉಳಿದಾಗ ಕಡಿಮೆ. ಕನ್ನಡ ಬೆರಳಚ್ಚು ಚೆನ್ನಾಗಿ ಬಂದರೆ, ನುಡಿ ತಂತ್ರಾಂಶ ಮತ್ತು ಯೂನಿಕೋಡ್ ಎರಡರಲ್ಲೂ, ಸಂಜೆ ವಕೀಲರಿಗೆ ಟೈಪ್ ಮಾಡಿಕೊಟ್ಟು ಆ ಕೊರತೆ ತುಂಬಿಕೊಳ್ಳಬಹುದು; ನಾನು ಹಾಗೆಯೇ ಮಾಡಿದೆ. ವಸೂಲಿ ಕೆಲಸದಲ್ಲಿ ಹೆಚ್ಚು ಹಣ ಬರುತ್ತದೆ ನಿಜ. ಆದರೂ ಬೇಡವೆನ್ನುತ್ತೇನೆ. ನಾಳೆ ನಿಮ್ಮ ಕಕ್ಷಿದಾರರಾಗಬೇಕಾದವರ ಮನೆಯ ಬಾಗಿಲಲ್ಲಿ ಇಂದು ದನಿ ಎತ್ತರಿಸಿ ನಿಂತರೆ, ಸಣ್ಣ ಊರಿನಲ್ಲಿ ಆ ಮುಖವನ್ನು ಜನ ಮರೆಯುವುದಿಲ್ಲ. ಅಂಥ ಬಾಗಿಲಲ್ಲಿ ಮಾತು ಮೀರಿ ಕ್ರಿಮಿನಲ್ ಪ್ರಕರಣವಾದರೆ ಅದು ನಿಮ್ಮ ಹೆಸರಿನ ಮೇಲೂ ಬರಬಹುದು.

ಇದರ ಜೊತೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರ ಆಯ್ಕೆ ನಡೆಯುವಾಗ ಅರ್ಜಿ ಹಾಕಿ. ತರಬೇತಿ ಕೊಡುತ್ತಾರೆ, ಕೆಲಸ ಮಾಡಿದ ದಿನಗಳಿಗೆ ಗೌರವಧನ ಸಿಗುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಎಷ್ಟೇ ಆದಾಯವಿದ್ದರೂ ಉಚಿತ ವಕೀಲರನ್ನು ಪಡೆಯಬಹುದೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಹಳ್ಳಿಯಲ್ಲಿ ಈ ಮಾತು ಗೊತ್ತಿರುವವರು ಕಡಿಮೆ. ಬರಹಗಾರರ ಮೇಜಿನ ಬಳಿ ಕುಳಿತವರಿಗೆ ಅದನ್ನು ಹೇಳುವ ಅವಕಾಶ ದಿನವೂ ಬರುತ್ತದೆ.

ಎರಡು ಎಚ್ಚರಿಕೆಗಳನ್ನು ಮಾತ್ರ ಮನಸ್ಸಿನಲ್ಲಿಡಿ. ಕಚೇರಿಯ ಸುತ್ತ ತಿರುಗುವ ದಲ್ಲಾಳಿಗಳು ಮೊದಲ ವಾರವೇ ನಿಮ್ಮನ್ನು ಮಾತನಾಡಿಸುತ್ತಾರೆ. ‘ಬೇಗ ಮಾಡಿಸಿಕೊಡುವ’ ಹಣ ನಿಮ್ಮ ಕೈ ಮುಟ್ಟಬಾರದು. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಳ್ಳಲು 1961ರ ವಕೀಲರ ಕಾಯ್ದೆಯಲ್ಲೇ ಅಡ್ಡಿಯಿದೆ. ಎರಡನೆಯದು, ಸಾಕ್ಷಿಯ ಸಹಿ. ನೋಂದಣಿಗೆ ಬಂದವರಿಗೆ ಸಾಕ್ಷಿದಾರ ಸಿಗದಿದ್ದಾಗ ‘ತಮ್ಮಾ, ನೀನೇ ಒಂದು ಸಹಿ ಹಾಕು’ ಎನ್ನುತ್ತಾರೆ. ನಿಮಗೆ ಪರಿಚಯವಿಲ್ಲದವರ ಕಾಗದದ ಮೇಲೆ ಎಂದೂ ಹಾಕಬೇಡಿ. ಹತ್ತು ವರ್ಷಗಳ ನಂತರ ಸಮನ್ಸ್ ಬಂದಾಗ ನಿಮಗೆ ಹೇಳಲು ಏನೂ ಇರುವುದಿಲ್ಲ.

ಪ್ರವೇಶಕ್ಕೆ ಪದವಿಯಲ್ಲಿ ಶೇ. 45 ಅಂಕ ಬೇಕು, ಪರಿಶಿಷ್ಟರಿಗೆ 40, ಹಿಂದುಳಿದ ವರ್ಗಗಳಿಗೆ 42. ಅಂಕಪಟ್ಟಿಯನ್ನು ಈಗಲೇ ನೋಡಿಕೊಳ್ಳಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲೂ 2022ರಿಂದ ಮೂರು ವರ್ಷದ ಪದವಿಯಿದೆ, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಆಸೆಯಿದ್ದರೆ ಬೆಳಗಿನ ಎರಡು ಗಂಟೆಯನ್ನು ಇಂಗ್ಲಿಷ್ ಓದಿಗೆ ಮೀಸಲಿಡಿ. ಸೇರಿದ ಮೇಲೂ ಇದೇ ಕೆಲಸವನ್ನು ಪೂರ್ಣಾವಧಿ ಮುಂದುವರಿಸಬಹುದೆಂದು ಭಾವಿಸಬೇಡಿ, ವಕೀಲರ ಪರಿಷತ್ತಿನ ನಿಯಮದಂತೆ ಶೇ. 70 ಹಾಜರಿ ಬೇಕು. ಆದ್ದರಿಂದ ಸೇರಿಕೊಳ್ಳುವ ದಿನವೇ ಬರಹಗಾರರಿಗೆ ಪ್ರವೇಶ ಶುರುವಾದಾಗ ಬಿಟ್ಟು ಹೋಗುವುದಾಗಿ ತಿಳಿಸಿ, ಬಿಡುವ ಒಂದು ತಿಂಗಳು ಮೊದಲು ನಿಮ್ಮ ಜಾಗಕ್ಕೆ ಬರುವವರನ್ನು ಕರೆತಂದು ಚೆಕ್ಕುಬಂದಿ ಬರೆಯುವುದನ್ನು ನೀವೇ ಕಲಿಸಿಕೊಡಿ.